ಮುಟ್ಟದ ಮೊಟ್ಟೆ

ನಮ್ಮ ಮನೆಗೆ ಮೊಟ್ಟೆ ಬಂದದ್ದು ನನ್ನ ಕಿಡ್ನಿ ಹೋದ ಮೇಲೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮೈಯಿಂದ ಪ್ರೋಟೀನು ಸೋರಿಹೋಗುತ್ತದಂತೆ, ಬೇಳೆ ತಿಂದು ತುಂಬಿಸಿಕೊಳ್ಳೋಣ ಅಂದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿಯಂತೆ, ಹಾಗಾಗಿ ದಿನವೂ ಮೊಟ್ಟೆಯ ಬಿಳಿ ತಿನ್ನಬೇಕಂತೆ. ಅಂತೆ ಅಂತೆ ಎಂದು ಯಾಕೆ ಹೇಳುತ್ತಿದ್ದೇನೋ, ಇದನ್ನೆಲ್ಲ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವಳು ನಾನೇ. ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್ ಆಗಿದ್ದೇನೆ. ಮೂತ್ರಪಿಂಡದ ಅಧ್ಯಾಯ ನನ್ನ ಪಾಲಿನದು.

ನಮ್ಮದು ಶಿವಪೂಜೆಯ ಮನೆ. ಹುಟ್ಟುಹಬ್ಬದ ಕೇಕು ತರುವಾಗ ಅಮ್ಮ ಬೇಕರಿಯವನನ್ನು ಪೊಲೀಸರಂತೆ ವಿಚಾರಿಸುತ್ತಿದ್ದಳು. ಅವನು ಆಣೆ ಮಾಡಿ ಹೇಳಿದರೂ ನಂಬಿಕೆಯಾಗದೆ ಕೊನೆಗೆ ಮನೆಯಲ್ಲೇ ಕೇಸರಿಬಾತು ಮಾಡಿ, ಅದಕ್ಕೇ ಚಾಕು ಹಾಕಿಸುತ್ತಿದ್ದಳು. ಅಂಥ ಅಮ್ಮ ಈಗ ಹಿತ್ತಿಲ ಕಡೆ, ವಾಷಿಂಗ್ ಮೆಷಿನ್ನಿನ ಪಕ್ಕ, ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಚಮಚ ಇಟ್ಟುಕೊಂಡು ಮೊಟ್ಟೆ ಬೇಯಿಸುತ್ತಾಳೆ. ಬೇಯುವಷ್ಟು ಹೊತ್ತೂ ಸೆರಗು ಮೂಗಿಗೆ ಹಿಡಿದಿರುತ್ತಾಳೆ. ನೋಡಿದವರಿಗೆ ಮರುಕ ಹುಟ್ಟಬೇಕು. ನನಗೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಈ ಮನೆಯಲ್ಲಿ ಮೊಟ್ಟೆಯ ಹೆಸರು ಹೀಗೆ ಎದ್ದದ್ದು ಇದೇ ಮೊದಲಲ್ಲ.

ಅದು ನಾನು ನರ್ಸಿಂಗ್ ಮೊದಲ ವರ್ಷದಲ್ಲಿದ್ದಾಗಿನ ಮಾತು. ವಿಜಯನಗರದ ನಮ್ಮ ಮನೆಯಿಂದ ಸಿಟಿ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುತ್ತಿದ್ದೆ. ರಾಜೀವನಗರದಿಂದ ಬರುತ್ತಿದ್ದ ಒಬ್ಬಳು ಮೊದಲ ವಾರದಲ್ಲೇ ಗೆಳತಿಯಾದಳು. ನನಗಿಂತ ಚುರುಕು, ಬಾಯಿ ಇನ್ನೂ ಚುರುಕು. ಬೈಗುಳ ಬೀಳುವ ಕಡೆ ನಾನು ಸೆಟೆದು ನಿಂತರೆ ಅವಳು ಒಂದು "ಸಾರಿ" ಬಿಸಾಕಿ ಎಲ್ಲರನ್ನೂ ಪಾರು ಮಾಡುತ್ತಿದ್ದಳು. ತಪ್ಪು ಇರಲಿ ಬಿಡಲಿ, ಸಾರಿ ಅಂದರೆ ಕೆಲಸ ಮುಗಿಯಿತು ಎನ್ನುವುದು ಅವಳ ಸಿದ್ಧಾಂತ. ಅದರಿಂದ ನಮಗೆಲ್ಲ ತುಂಬ ಉಪಕಾರವಾಗಿದೆ ಅಂತ ಆಗ ಅಂದುಕೊಂಡಿದ್ದೆ.

ಆ ವರ್ಷ ಮೂತ್ರ ಪರೀಕ್ಷೆಯ ಪಾಠ ಬಂತು. ಈಗ ಅದ್ದಿ ತೆಗೆದರೆ ಬಣ್ಣ ತೋರಿಸುವ ಪಟ್ಟಿಗಳಿವೆ, ಆಗಲೂ ಇದ್ದವು. ಆದರೂ ಕಾಲೇಜುಗಳಲ್ಲಿ ಹಳೇ ಪದ್ಧತಿಯನ್ನೇ ಮೊದಲು ಕಲಿಸುತ್ತಾರೆ. ಗಾಜಿನ ಟೆಸ್ಟ್ ಟ್ಯೂಬಿನಲ್ಲಿ ಮೂತ್ರ ತೆಗೆದುಕೊಂಡು, ಅದರ ಮೇಲ್ಭಾಗವನ್ನು ಮಾತ್ರ ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ಕಾಯಿಸಿದ ಜಾಗ ಮಜ್ಜಿಗೆ ನೀರಿನಂತೆ ಬೆಳ್ಳಗಾಗಿ, ಆಸಿಡ್ಡಿನ ಹನಿ ಬಿಟ್ಟ ಮೇಲೂ ಆ ಬಿಳುಪು ಹೋಗದಿದ್ದರೆ ಮೂತ್ರದಲ್ಲಿ ಆಲ್ಬುಮಿನ್ ಇದೆ ಎಂದು ಅರ್ಥ. ಆಲ್ಬುಮಿನ್ ರಕ್ತದಲ್ಲಿರಬೇಕಾದ ಪ್ರೋಟೀನು. ಮೂತ್ರದಲ್ಲಿ ಕಾಣಿಸಿಕೊಂಡರೆ ಕಿಡ್ನಿಯ ಜರಡಿ ಎಲ್ಲೋ ಹರಿದಿದೆ. ಜ್ವರ ಬಂದಾಗಲೋ ಮೈ ದಣಿದಾಗಲೋ ಒಂದೊಮ್ಮೆ ಬಂದುಹೋಗುವುದೂ ಉಂಟು, ಅದಕ್ಕೇ ಇನ್ನೊಂದು ಸಲ ನೋಡಬೇಕು. ಇಷ್ಟೇ ಪಾಠ. ಹತ್ತನೇ ಕ್ಲಾಸಿನ ಮಕ್ಕಳಿಗೂ ಅರ್ಥವಾಗುತ್ತದೆ.

ಆರೋಗ್ಯವಂತ ಹುಡುಗಿಯರ ಮೂತ್ರದಲ್ಲಿ ಆಲ್ಬುಮಿನ್ ಎಲ್ಲಿಂದ ಬರಬೇಕು? ಅದಕ್ಕೆ ಕಲಿಸುವವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಒಂದು ಮೊಟ್ಟೆ ಒಡೆದು ಬಿಳಿಯನ್ನು ನೀರಿಗೆ ಬೆರೆಸುತ್ತಾರೆ. ಕಾಯಿಸಿದರೆ ಥೇಟ್ ಕಾಯಿಲೆಯವರ ಮೂತ್ರದಂತೆಯೇ ಬೆಳ್ಳಗಾಗುತ್ತದೆ. ನಮ್ಮ ಮೇಡಂ ಕೂಡ ಹಾಗೇ ತೋರಿಸಿದರು. ನಾನು ಮೂಗು ಮುಚ್ಚಿಕೊಂಡು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಉಳಿದ ಮೊಟ್ಟೆ ನೀರನ್ನು ಅವರು ಬೀಕರಿನಲ್ಲಿ ಮುಚ್ಚಿ ಲ್ಯಾಬಿನ ಫ್ರಿಡ್ಜಿನಲ್ಲಿಟ್ಟು, "ನಾಳೆ ಎಲ್ಲರೂ ಅವರವರ ಸ್ಯಾಂಪಲ್ ತರಬೇಕು, ಬೆಳಗಿನ ಮೊದಲನೇದು" ಅಂದರು.

ಕ್ಲಾಸು ಮುಗಿದದ್ದೇ ತಡ, ಗುಸುಗುಸು ಶುರುವಾಯಿತು. ಬಾಟಲಿ ಹಿಡಿದುಕೊಂಡು ಹಾಸ್ಟೆಲ್ಲಿನ ವಾಚ್‌ಮನ್ ಮುಂದೆ ಹೆಂಗೆ ಬರೋದು, ಬಸ್ಸಲ್ಲಿ ಚೆಲ್ಲಿದರೆ ಏನು ಗತಿ, ಥೂ. ಊರಿನವರ ಬೆಡ್‌ಪ್ಯಾನ್ ಎತ್ತಲು ಸೇರಿದವರು ಇವರು! ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

"ನೀನೇ ತಂದ್ಬುಡೇ," ಅಂದಳು ಗೆಳತಿ. "ನಿಂಗೆ ಅದೆಲ್ಲ ನಾಚ್ಕೆ ಇಲ್ಲ."

ಇರಲಿಲ್ಲ, ನಿಜ. ಚಿಕ್ಕಂದಿನಿಂದ ನನಗೆ ಉರಿಮೂತ್ರದ ಕಾಟ. ನಡುಗುವ ಜ್ವರ, ಬೆನ್ನುನೋವು, ಹನಿಹನಿಗೂ ಉರಿ. ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯ ಆಂಟಿ ಎಲ್ಲ ಸೇರಿ ನನ್ನ ಮುಂದೆಯೇ ಅದನ್ನು ಚರ್ಚೆ ಮಾಡಿ ಉಷ್ಣ ಅಂತ ತೀರ್ಮಾನ ಕೊಡುತ್ತಿದ್ದರು. ಜೀರಿಗೆ ನೀರು, ಬಾರ್ಲಿ ಗಂಜಿ, ನೆತ್ತಿಗೆ ಹರಳೆಣ್ಣೆ. ಬೀದಿಯ ಕೊನೆಯ ಡಾಕ್ಟರು ಪರೀಕ್ಷೆ ಗಿರೀಕ್ಷೆ ಏನೂ ಮಾಡಿಸದೆ ಮಾತ್ರೆ ಕೊಡುತ್ತಿದ್ದರು. ಜ್ವರ ಇಳಿದರೆ ಎಲ್ಲರೂ ಮರೆಯುತ್ತಿದ್ದರು. ಕಾಲೇಜು ಸೇರುವಾಗ ಇನ್ನೊಬ್ಬ ಡಾಕ್ಟರು ನನ್ನ ಮುಖವನ್ನೂ ನೋಡದೆ ಇವಳು ಗಟ್ಟಿಮುಟ್ಟಾಗಿದ್ದಾಳೆ ಅಂತ ಸಹಿ ಹಾಕಿಕೊಟ್ಟಿದ್ದರು.

ಮಾರನೇ ದಿನ ದೊಡ್ಡ ನೀರಿನ ಬಾಟಲಿ ತುಂಬಿಸಿ, ಪೇಪರು ಸುತ್ತಿ, ಚೀಲದಲ್ಲಿಟ್ಟುಕೊಂಡು ಹೋದೆ. ಲ್ಯಾಬಿನ ಹೊರಗಿನ ಕಾರಿಡಾರಿನಲ್ಲಿ ನಮ್ಮ ಬ್ಯಾಚಿನ ಇಪ್ಪತ್ತು ಹುಡುಗಿಯರೂ ಪುಟ್ಟ ಪುಟ್ಟ ಶೀಶೆ ಹಿಡಿದು ಸಾಲಾಗಿ ನಿಂತರು. ಮಠದಲ್ಲಿ ತೀರ್ಥ ಕೊಟ್ಟ ಹಾಗೆ ಎಲ್ಲರಿಗೂ ಹಂಚಿದೆ. ಬೇಕಾದಷ್ಟು ನಕ್ಕೆವು. ಶೀಶೆಗಳನ್ನು ಲ್ಯಾಬಿನ ಮೇಜಿನ ಮೇಲಿಟ್ಟ ಮೇಲೆ ನಾನು ಕೈ ತೊಳೆಯಲು ಹೋದೆ.

ದೀಪಗಳು ಹತ್ತಿದವು. ಟ್ಯೂಬು ಕಾಯತೊಡಗಿದವು. ಮೊದಲು ನನ್ನದು ಬೆಳ್ಳಗಾಯಿತು, ಆಮೇಲೆ ಪಕ್ಕದವಳದು, ಆಮೇಲೆ ಆ ಸಾಲು, ಈ ಸಾಲು. ಆಸಿಡ್ ಬಿಟ್ಟರೂ ಬಿಳುಪು ಕದಲಲಿಲ್ಲ. ಮೇಡಂ ಮೇಜಿನಿಂದ ಮೇಜಿಗೆ ಬಂದರು. ಒಂದೊಂದೇ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಕೆಂಪಾಯಿತು.

"ಯಾರ್ರೀ ಅದು ಮೊಟ್ಟೆ ಹಾಕಿರೋದು?"

ಸೀನಿಯರುಗಳು ಹಿಂದೆ ಹಾಗೆ ಮಾಡಿದ್ದರಂತೆ, ಪರೀಕ್ಷೆಯಲ್ಲಿ ಚೆನ್ನಾಗಿ ಕಾಣಲಿ ಅಂತ ಒಂದಿಷ್ಟು ಮೊಟ್ಟೆ ನೀರು ಬೆರೆಸಿ ಸಿಕ್ಕಿಬಿದ್ದಿದ್ದರಂತೆ. ಆ ಸಿಟ್ಟೂ ಇತ್ತು ಅವರಿಗೆ.

"ನಾವು ಹಾಕಿಲ್ಲ ಮೇಡಂ," ಅಂದೆ.

"ಹಾಕಿಲ್ವಾ? ಹಂಗಾದ್ರೆ ಇಪ್ಪತ್ತು ಜನಕ್ಕೂ ಒಂದೇ ದಿನ ಕಿಡ್ನಿ ಕೆಟ್ಟೋಯ್ತಾ?"

ಎಂಥ ಪ್ರಶ್ನೆ! ಇವತ್ತಿಗೂ ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ನಾನು ಕೇಳಿಲ್ಲ. ಇಪ್ಪತ್ತು ಜನಕ್ಕಲ್ಲ ಮೇಡಂ, ಇದು ಅಷ್ಟೂ ಒಬ್ಬಳದೇ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅನ್ನಲು ಬಾಯಿ ತೆರೆದೆ ಕೂಡ. ಗೆಳತಿ ಪಕ್ಕದಿಂದ ಚಿವುಟಿದಳು. ಸ್ಯಾಂಪಲ್ ಹಂಚಿಕೊಂಡದ್ದು ಗೊತ್ತಾದರೆ ಇಡೀ ಬ್ಯಾಚಿಗೆ ಗ್ರಹಚಾರ. ನಾನು ಅನುಮಾನಿಸುತ್ತ ನಿಂತಿರುವಾಗಲೇ ಅವಳು ಮುಂದೆ ಹೆಜ್ಜೆ ಇಟ್ಟಳು.

"ಸಾರಿ ಮೇಡಂ. ನಿನ್ನೆ ಉಳಿದಿತ್ತಲ್ಲ, ಅದನ್ನ ನಾವೇ ಹಾಕ್ಬುಟ್ವಿ."

ಮೇಡಂ ಮುಖ ತಿಳಿಯಾಯಿತು. ತಮ್ಮ ಊಹೆ ಸರಿಯಾಯಿತಲ್ಲ ಎಂಬ ಸಮಾಧಾನ. ಎಲ್ಲ ಟ್ಯೂಬನ್ನೂ ನಮ್ಮ ಕೈಯಲ್ಲೇ ತೊಳೆಸಿದರು. ಫ್ರಿಡ್ಜಿನ ಬಾಗಿಲು ತೆರೆದು ಬೀಕರು ನೋಡುವ ಕಷ್ಟ ತೆಗೆದುಕೊಳ್ಳಲಿಲ್ಲ. ದೊಡ್ಡ ಬಾಟಲಿ ನನ್ನ ಚೀಲದಲ್ಲಿ ಸಿಕ್ಕಿತು, ಮೊಟ್ಟೆ ನೀರು ಬೆರೆಸಿದ್ದು ಅದರಲ್ಲೇ ಅಂದುಕೊಂಡದ್ದರಿಂದ ನಾನೇ ಈ ಗುಂಪಿನ ನಾಯಕಿ ಅಂತಾಯಿತು.

ಸಂಜೆ ಬಸ್ ಸ್ಟಾಪಿನಲ್ಲಿ ಗೆಳತಿಯ ರಟ್ಟೆ ಹಿಡಿದು ಕೇಳಿದೆ. "ನಿಜವಾಗ್ಲೂ ಹಾಕಿದ್ಯೇನೇ?"

"ಹೂಂ ಕಣೇ."

"ಯಾವಾಗ?"

"ನೀನು ಕೈ ತೊಳ್ಯಕ್ಕೆ ಹೋಗಿದ್ದಾಗ. ಎಲ್ಲಾರ್ ಶೀಶೇಗೂ ಒಂದೊಂದ್ ಚೂರು. ತಮಾಷೆಗೆ. ಬುಡು ಅತ್ಲಾಗೆ."

ನಂಬಿದೆ. ಸಿಟ್ಟು ಬಂತು, ಆದರೆ ಅದಕ್ಕಿಂತ ಹೆಚ್ಚಾಗಿ ಜೀವ ತಣ್ಣಗಾಯಿತು. ಟ್ಯೂಬು ಬೆಳ್ಳಗಾದ ಗಳಿಗೆಯಲ್ಲಿ ನನ್ನ ಜ್ವರ, ಬೆನ್ನುನೋವು ಎಲ್ಲ ನೆನಪಿಗೆ ಬಂದಿದ್ದವು. ಅವಳ ಒಂದು ಹೂಂ ಅವನ್ನೆಲ್ಲ ಅಳಿಸಿಹಾಕಿತು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಾಳೆ. ಮೇಡಂ ಫೋನು ಮಾಡಿ ಹೇಳಿಯಾಗಿತ್ತು, ನಿಮ್ಮ ಮಗಳು ಲ್ಯಾಬಿನಲ್ಲಿ ಮೊಟ್ಟೆ ಕಲಸಿ ಮೋಸ ಮಾಡಿದ್ದಾಳೆ ಎಂದು. ಮೋಸ ಎಂಬ ಮಾತು ಅಮ್ಮನ ಕಿವಿಗೆ ಬಿದ್ದಿತ್ತೋ ಇಲ್ಲವೋ. ಮೊಟ್ಟೆ ಬಿದ್ದಿತ್ತು.

"ಅಲ್ಲೇ ನಿಂತ್ಕೋ. ಒಳಗೆ ಬರ್ಬೇಡ."

"ಅಮ್ಮ, ನಾನು ಮುಟ್ಟಿಲ್ಲ."

"ಮುಟ್ಟದೆ ಹೆಂಗೆ ಕಲಸ್ದೆ? ಮೇಡಮ್ಮೋರು ಸುಳ್ಳು ಹೇಳ್ತಾರಾ? ಕೊರಳಲ್ಲಿ ಲಿಂಗ ಐತೆ ಅನ್ನೋ ಗ್ಯಾನ ಬೇಡ್ವಾ ನಿಂಗೆ?"

ಹಿತ್ತಿಲ ನಲ್ಲಿಯ ಕೆಳಗೆ ತಲೆಗೆ ಸ್ನಾನವಾಯಿತು. ಯೂನಿಫಾರ್ಮು ನೆನೆಹಾಕಿದ್ದಾಯಿತು. ಹಣೆಗೆ, ತೋಳಿಗೆ, ಕೊರಳಿಗೆ ವಿಭೂತಿ ಬಳಿದು, ಲಿಂಗವನ್ನು ತೊಳೆದು ಮತ್ತೆ ಪೂಜೆ ಮಾಡಿಸಿದ್ದಾಯಿತು. ಅಮ್ಮ ಆವತ್ತು ಊಟ ಬಿಟ್ಟಳು. ದೊಡ್ಡಮ್ಮನಿಗೆ ಫೋನು ಹೋಯಿತು, ದೊಡ್ಡಮ್ಮನಿಂದ ಚಿಕ್ಕಮ್ಮನಿಗೆ. ನರ್ಸಿಂಗ್ ಸೇರಿಸಬೇಡಿ ಅಂತ ನಾನು ಬಡ್ಕೊಂಡೆ ಅಂತ ಒಬ್ಬರು, ನಾಳೆ ಕೋಳಿ ತಿಂತೀನಿ ಅಂತಾಳೆ ಅಂತ ಇನ್ನೊಬ್ಬರು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಮೂತ್ರ ಎಂಬ ಶಬ್ದ ಅಷ್ಟು ದೊಡ್ಡ ಗಲಾಟೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಕಾಲೇಜು ಮುಂದುವರಿಯಿತು. ವಾರ್ಡಿನ ಡ್ಯೂಟಿ ಶುರುವಾಯಿತು. ನಾವು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ರೋಗಿಗಳಿಗೆ ಶೌಚಾಲಯ ಇತ್ತು, ಡಾಕ್ಟರುಗಳಿಗೆ ಇತ್ತು, ಸಿಸ್ಟರುಗಳಿಗೆ ಬೀಗ ಹಾಕಿದ್ದು ಇತ್ತು. ವಿದ್ಯಾರ್ಥಿನಿಯರಿಗೆ ಇರಲಿಲ್ಲ. ಬೀಗದ ಕೈ ಕೇಳಲು ರೌಂಡ್ಸಿನ ಮಧ್ಯೆ ಎಲ್ಲರೆದುರು ಕೈಕಟ್ಟಿ ನಿಲ್ಲಬೇಕು. ಅದರ ಬದಲು ನಾವು ನೀರು ಕುಡಿಯುವುದನ್ನೇ ಬಿಟ್ಟೆವು. ಬೆಳಗಿನ ಪ್ರಾರ್ಥನೆಗೆ ಮುಂಚೆ ಒಮ್ಮೆ, ಮಧ್ಯಾಹ್ನ ಮನೆಗೆ ಬಂದ ಮೇಲೆ ಒಮ್ಮೆ. ಮಧ್ಯೆ ಮಂಚದಿಂದ ಮಂಚಕ್ಕೆ ಹೋಗಿ, "ನೀರು ಚೆನ್ನಾಗಿ ಕುಡೀಬೇಕು ಕಣಮ್ಮ, ಬಂದಾಗ ಕಟ್ಕೋಬಾರ್ದು, ಸೋಂಕಾಗುತ್ತೆ" ಎಂದು ಹೆಂಗಸರಿಗೆ ಬುದ್ಧಿ ಹೇಳುತ್ತಿದ್ದೆವು. ಹೇಳುವಾಗ ಕಾಲು ಹೆಣೆದುಕೊಂಡಿರುತ್ತಿದ್ದೆವು. ಇದನ್ನು ಆರೋಗ್ಯ ಶಿಕ್ಷಣ ಅನ್ನುತ್ತಾರೆ, ಇದಕ್ಕೆ ಅಂಕ ಕೊಡುತ್ತಾರೆ.

ನನಗೆ ಜ್ವರ ಮತ್ತೆ ಮತ್ತೆ ಬಂತು. ಅಮ್ಮ ಉಷ್ಣ ಅಂದಳು. ಈ ಸಲ ಉಷ್ಣಕ್ಕೆ ಕಾರಣವೂ ಸಿಕ್ಕಿತ್ತು, ಮೊಟ್ಟೆ. ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಊದಿರುತ್ತಿದ್ದವು. ನಿದ್ದೆ ಜಾಸ್ತಿ ಅಂದರು. ಮೂತ್ರ ನೊರೆ ನೊರೆಯಾಗಿ ಹೋಗುತ್ತಿತ್ತು. ಅಮ್ಮ ಫಿನೈಲು ಜಾಸ್ತಿ ಸುರಿದಿದ್ದಾಳೆ ಅಂದುಕೊಂಡೆ. ಒಂದೊಮ್ಮೆ ಆ ಬೆಳ್ಳನೆಯ ಟ್ಯೂಬು ಕಣ್ಣ ಮುಂದೆ ಬರುತ್ತಿತ್ತು. ಅದು ಮೊಟ್ಟೆ ಅಲ್ವಾ ಎಂದು ಹೊರಳಿ ಮಲಗುತ್ತಿದ್ದೆ.

ಓದು ಮುಗಿಯಿತು, ಟ್ಯೂಟರ್ ಆದೆ. ಮೂತ್ರಪಿಂಡದ ಅಧ್ಯಾಯ ನನಗೇ ಬಂತು. ಕ್ರಿಯಾಟಿನಿನ್ ಎಂಬ ರಕ್ತದ ಕಸ ಎಂದರೇನು, ಅದು ಏರಿದರೆ ಏನು, ಕಿಡ್ನಿ ಎಷ್ಟರಮಟ್ಟಿಗೆ ಹಾಳಾದ ಮೇಲೆ ಅದು ಏರಲು ಶುರುವಾಗುತ್ತದೆ, ಅದಕ್ಕೂ ಎಷ್ಟೋ ಮುಂಚೆ ಮೂತ್ರದಲ್ಲಿ ಆಲ್ಬುಮಿನ್ ಹೇಗೆ ಕಾಣಿಸಿಕೊಳ್ಳುತ್ತದೆ, ಎಲ್ಲವನ್ನೂ ಬಣ್ಣದ ಚಾಕ್‌ಪೀಸಿನಲ್ಲಿ ಬರೆದು ವಿವರಿಸಿದೆ. ಒಳ್ಳೆಯ ಟೀಚರ್ ಎಂದು ಹೆಸರೂ ಬಂತು. ಬರದೆ ಏನು!

ಒಂದು ದಿನ ರಕ್ತದೊತ್ತಡ ನೋಡುವುದನ್ನು ಕಲಿಸುತ್ತ ನನ್ನದೇ ತೋಳು ಕೊಟ್ಟಿದ್ದೆ. ನೋಡಿದ ಹುಡುಗಿ ಗಾಬರಿಯಾಗಿ ನನ್ನ ಮುಖ ನೋಡಿದಳು. ಇನ್ನೊಬ್ಬಳು ನೋಡಿದಳು, ಮತ್ತೊಬ್ಬಳು ನೋಡಿದಳು. "ನಮಗೆ ಬೈದೂ ಬೈದೂ ಏರಿದೆ ಮೇಡಂ," ಅಂತ ಹಿಂದಿನ ಬೆಂಚಿನವಳು ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನೇರವಾಗಿ ಹೋಗಿ ರಕ್ತ ಕೊಟ್ಟುಬಂದೆ.

ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ ಗಾಯದ ಕಲೆಯಾಗಿ ಮುದುಡಿದ್ದವು. ಮೂತ್ರಕೋಶದಿಂದ ಮೂತ್ರ ಮೇಲಕ್ಕೆ ಹಿಮ್ಮರಳಿ, ಸೋಂಕಿನ ಮೇಲೆ ಸೋಂಕು ತಗುಲಿ, ಚಿಕ್ಕಂದಿನಿಂದ ಸವೆದಿರಬೇಕು ಎಂದರು ಕಿಡ್ನಿ ಡಾಕ್ಟರು. ಉಷ್ಣದ ನಿಜವಾದ ಹೆಸರು ಅಂತೂ ಗೊತ್ತಾಯಿತು.

"ಹಿಂದೆ ಯಾವಾಗಾದ್ರೂ ಯೂರಿನ್ ಟೆಸ್ಟ್ ಆಗಿತ್ತಾ? ಆಲ್ಬುಮಿನ್ ಇತ್ತಾ?"

"ಒಂದ್ಸಲ ಇತ್ತು ಸರ್. ಆದ್ರೆ ಅದರಲ್ಲಿ ಮೊಟ್ಟೆ ಇತ್ತು."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ತಲೆಗೂ ಏನಾದರೂ ಏರಿದೆಯೇ ಎಂದು ಯೋಚಿಸಿರಬೇಕು. ಆಗಲೇ ಗೊತ್ತಾಗಿದ್ದರೆ ಮಾತ್ರೆಯಲ್ಲೇ ಇನ್ನೂ ಎಷ್ಟೋ ವರ್ಷ ತಳ್ಳಬಹುದಿತ್ತು ಎಂದು ಅವರು ಹೇಳಿದ್ದನ್ನು ನಾನು ಬೇರೆ ಯಾರದೋ ವಿಷಯದಂತೆ ಕೇಳಿಸಿಕೊಂಡೆ.

ಮಾತ್ರೆಗಳ ಕಾಲ ಬೇಗ ಮುಗಿದು ಡಯಾಲಿಸಿಸ್ ಬಂತು. ಹೋದರೆ ಅಲ್ಲಿ ಸಿಸ್ಟರ್ ಆಗಿ ನನ್ನ ಗೆಳತಿಯೇ ಇದ್ದಾಳೆ. ಮದುವೆ, ಮಕ್ಕಳು ಎಂದು ನಡುವೆ ಭೇಟಿ ತಪ್ಪಿತ್ತು. ನನ್ನನ್ನು ನೋಡಿ ಅವಳ ಬಾಯಿ ಕಟ್ಟಿತು. ಆ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಲವು ದಿನ ಬರೀ ಕೆಲಸದ ಮಾತಾಡಿದಳು. ಒಂದು ಮಧ್ಯಾಹ್ನ ತೋಳಿಗೆ ಟೇಪು ಅಂಟಿಸುತ್ತ, ನನ್ನ ಮುಖ ನೋಡದೆ ಶುರು ಮಾಡಿದಳು.

"ಅವತ್ತು ನಾನು ಮೊಟ್ಟೆ ಹಾಕಿರ್ಲಿಲ್ಲ ಕಣೇ."

ಮೆಷಿನ್ನು ತಿರುಗುತ್ತಿತ್ತು. ನನ್ನ ರಕ್ತ ಕೊಳವೆಯಲ್ಲಿ ಹೋಗಿ ಬರುತ್ತಿತ್ತು.

"ಫ್ರಿಡ್ಜ್ ಕಡೆಗೂ ಹೋಗಿರ್ಲಿಲ್ಲ. ಮೇಡಂ ಕೇಳಿದ್ರು, ಹಾಕಿದ್ವಿ ಅಂದ್ಬುಟ್ಟೆ. ಬಿಟ್ಬುಡ್ಲಿ ಅಂತ."

"ಬಸ್ ಸ್ಟಾಪಲ್ಲಿ ನಾನು ಕೇಳಿದ್ನಲ್ಲೇ?"

"ಇಲ್ಲ ಅಂದಿದ್ರೆ ನೀನು ವಾಪಸ್ ಹೋಗಿ ಎಲ್ಲ ನಂದೇ ಅಂತ ಹೇಳ್ತಿದ್ದೆ. ಎಲ್ಲಾರ್ಗೂ ಆಗ್ತಿತ್ತು. ನಿಂಗೆ ಕಾಯಿಲೆ ಅಂತ ನಂಗೇನ್ ಗೊತ್ತಿತ್ತು? ಚಿಕ್ಕೋರು ಕಣೇ ನಾವು."

ಅತ್ತಳು. ಅಳಲಿ ಎಂದು ಬಿಟ್ಟೆ. ಚಿಕ್ಕವರು ಹೌದು, ಆದರೆ ಟ್ಯೂಬು ಬೆಳ್ಳಗಾದರೆ ಏನರ್ಥ ಎಂದು ಹಿಂದಿನ ದಿನವಷ್ಟೇ ಇಬ್ಬರೂ ಕಲಿತಿದ್ದೆವು. ಉಳಿದವರೆಲ್ಲ ಅವಳ ಮಾತು ನಂಬಿದ್ದರು, ಮೊಟ್ಟೆ ಹಾಕಿಲ್ಲ ಎಂದು ಖಚಿತವಾಗಿ ಗೊತ್ತಿದ್ದವಳು ಆ ಲ್ಯಾಬಿನಲ್ಲಿ ಅವಳೊಬ್ಬಳೇ. ನಾನು ಅವಳನ್ನು ಕ್ಷಮಿಸಿಲ್ಲ. ಕ್ಷಮಿಸಿದ್ದೇನೆ ಅಂತ ಅವಳು ತಿಳಿದಿದ್ದಾಳೆ, ಯಾಕೆಂದರೆ ನಾನು ಅವಳ ಶಿಫ್ಟಿನಲ್ಲೇ ಹೋಗುತ್ತೇನೆ. ಆ ವಾರ್ಡಿನಲ್ಲಿ ಅವಳಷ್ಟು ನೋವಾಗದಂತೆ ಸೂಜಿ ಚುಚ್ಚುವವರು ಬೇರೆ ಇಲ್ಲ, ಅದಕ್ಕೆ ಹೋಗುತ್ತೇನೆ.

ಮೇಡಂ ಕೂಡ ಒಮ್ಮೆ ನೋಡಲು ಬಂದಿದ್ದರು. ನಿವೃತ್ತರಾಗಿದ್ದಾರೆ. ಕೈಯಲ್ಲಿ ಬಾಳೆಹಣ್ಣು, ಎಳನೀರು. ಎರಡೂ ನನ್ನಂಥವರಿಗೆ ವಿಷ ಎಂದು ಪೊಟ್ಯಾಸಿಯಂ ಪಾಠ ಮಾಡಿದವರೇ ಅವರು. ನನ್ನ ತಲೆ ಸವರಿ, "ಇಷ್ಟೊಂದು ಓದಿ, ಮೊದಲೇ ಒಂದು ಟೆಸ್ಟ್ ಮಾಡಿಸ್ಕೋಬಾರ್ದಿತ್ತೇನಮ್ಮ?" ಅಂದರು.

"ಮಾಡಿಸಿದ್ದೆ ಮೇಡಂ. ನಿಮ್ಮ ಹತ್ರಾನೇ."

ಅವರಿಗೆ ಯಾವ ನೆನಪೂ ಇರಲಿಲ್ಲ. ಪಾಪ, ಏನೇನೋ ಮಾತಾಡ್ತಾಳೆ ಎಂಬಂತೆ ಅಮ್ಮನ ಕಡೆ ನೋಡಿ ಎದ್ದುಹೋದರು. ಎಳನೀರನ್ನು ಪಕ್ಕದ ಮನೆಗೆ ಕೊಟ್ಟೆವು.

ಆದರೆ ಅಮ್ಮನಿಗೆ ಆ ಮಾತು ಕಿವಿಯಲ್ಲಿ ಉಳಿದುಬಿಟ್ಟಿತು. ಮಾರನೇ ಬೆಳಿಗ್ಗೆ ಮೊಟ್ಟೆ ಸುಲಿಯುತ್ತ ಕೂತಿದ್ದವಳು, ಏನದು, ಮೇಡಮ್ಮೋರಿಗೆ ಏನಂದೆ ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ಬಾಟಲಿ, ಶೀಶೆ, ಗೆಳತಿಯ ಹೂಂ, ತೋಳಿನ ಟೇಪು ಎಲ್ಲ. ಅಮ್ಮ ಸಿಪ್ಪೆಯನ್ನು ಚೂರುಚೂರೇ ಬಿಡಿಸುತ್ತಿದ್ದಳು. ಸೆರಗು ಮೂಗಿನಿಂದ ಜಾರಿದ್ದು ಅವಳಿಗೆ ತಿಳಿಯಲಿಲ್ಲ.

"ಹಂಗಾದ್ರೆ ಅವತ್ತು ನೀನು ನಿಜವಾಗ್ಲೂ ಮುಟ್ಟಿರ್ಲಿಲ್ವಾ?"

"ಇಲ್ಲಮ್ಮ. ಅವತ್ತೇ ಹೇಳಿದ್ನಲ್ಲ."

ಅಮ್ಮ ಮೊಟ್ಟೆಯನ್ನು ಸೀಳಿ, ಹಳದಿಯನ್ನು ಹೆಬ್ಬೆರಳಿನಿಂದ ಎಬ್ಬಿಸಿ ಬದಿಗಿಟ್ಟಳು. ಬಿಳಿಯನ್ನು ತಟ್ಟೆಗೆ ಹಾಕಿ ನನ್ನ ಮುಂದೆ ತಳ್ಳಿದಳು. ಕೈ ತೊಳೆಯಲು ಏಳಲಿಲ್ಲ.

"ಮುಟ್ಟಿದ್ರೇ ಚೆನ್ನಾಗಿತ್ತು ಕಣೇ," ಅಂದಳು.